ಕಲಬುರಗಿಯಿಂದ ಕಮಲಾಪುರಕ್ಕೆ: ಸರದಿ ಓಟದ ಹಾದಿಯನ್ನು ಗೊತ್ತುಪಡಿಸುವ ಬಗೆ

ಸರದಿ ಓಟವೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವುದು ಕ್ರೀಡಾಂಗಣದ ನಾನೂರು ಮೀಟರಿನ ಸುತ್ತು, ಅದರಲ್ಲಿ ನಾಲ್ವರು ಓಟಗಾರರು, ಅವರ ಕೈಯಿಂದ ಕೈಗೆ ಸಾಗುವ ಗೇಣಿಗಿಂತ ತುಸು ಉದ್ದನೆಯ ಒಂದು ಕೋಲು. ಅಲ್ಲಿ ಹಾದಿಯನ್ನು ಹುಡುಕುವ ಪ್ರಶ್ನೆಯೇ ಇಲ್ಲ. ಸುಣ್ಣದ ಗೆರೆಗಳು ಮೊದಲೇ ಬಿದ್ದಿರುತ್ತವೆ, ಓಡುವುದೊಂದೇ ಕೆಲಸ. ಆದರೆ ಅದೇ ಓಟವನ್ನು ಊರಿನಿಂದ ಊರಿಗೆ ಓಡಬೇಕೆಂದು ಹೊರಟಾಗ ಹಾದಿಯೇ ಮೊದಲನೆಯ ಪ್ರಶ್ನೆಯಾಗಿ ಎದುರು ನಿಲ್ಲುತ್ತದೆ.

ಬರುವ ಜನವರಿಯಲ್ಲಿ ಕಲಬುರಗಿಯಿಂದ ಕಮಲಾಪುರದವರೆಗೆ ಇಂಥದೊಂದು ದೂರದ ಸರದಿ ಓಟವನ್ನು ನಡೆಸಬೇಕೆಂಬ ಮಾತು ನಮ್ಮ ಕಾಲೇಜಿನ ಕ್ರೀಡಾ ಸಂಘದಲ್ಲಿ ಎದ್ದಿದೆ. ಮಾತು ಎದ್ದಂದಿನಿಂದ ಯಾರು ಓಡಬೇಕು, ಯಾರು ಕೊನೆಯ ಹಂತ ಓಡಬೇಕು, ಅಂಗಿಯ ಬಣ್ಣ ಯಾವುದಿರಬೇಕು ಎಂಬ ಚರ್ಚೆಯೇ ಹೆಚ್ಚಾಗಿ ನಡೆದಿದೆ. ಹಾದಿಯ ವಿಷಯ ಬಂದಾಗ ಮಾತ್ರ, “ಹಾದಿ ಯಾಕೆ ಹುಡುಕಬೇಕು? ಹುಮನಾಬಾದ ಸಡಕು ನೆಟ್ಟಗೆ ಬಿದ್ದಿದೆಯಲ್ಲ” ಎಂದು ಗೆಳೆಯರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಸಡಕು ಬಿದ್ದಿದೆಯೆಂಬುದು ನಿಜ. ಆದರೆ ಸಡಕು ಬೇರೆ, ಸರದಿ ಓಟದ ಹಾದಿ ಬೇರೆ. ಸಡಕನ್ನು ಕಟ್ಟುವವರು ಎಲ್ಲಿಯೂ ನಿಲ್ಲದೆ ಸಾಗುವವರಿಗಾಗಿ ಕಟ್ಟುತ್ತಾರೆ. ಸರದಿ ಓಟದ ಹಾದಿಯನ್ನಾದರೋ ನಿಂತು ಕಾಯುವವರಿಗಾಗಿ ಗೊತ್ತುಪಡಿಸಬೇಕಾಗುತ್ತದೆ. ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲು ನಿಶ್ಚಯಿಸಿ, ಎಷ್ಟು ಓಡಬೇಕೆಂಬುದನ್ನು ಆಮೇಲೆ ನಿಶ್ಚಯಿಸಬೇಕೆಂಬುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು.

ಇದು ನಾನು ಹೊಸದಾಗಿ ಕಟ್ಟಿದ ಮಾತಲ್ಲ. ಸರದಿ ಓಟದ ಚರಿತ್ರೆಯನ್ನು ನೋಡಿದರೆ ಓಟಗಾರನಿಗಿಂತ ಮುಂಚೆ ತಾಣ ಹುಟ್ಟಿರುವುದು ಕಂಡುಬರುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದ ಇಬ್ನ್ ಬತೂತನು ಮಹಮ್ಮದ್ ಬಿನ್ ತುಘಲಕನ ಕಾಲದ ಕಾಲ್ನಡೆಯ ಟಪಾಲನ್ನು ವಿವರವಾಗಿ ಬಣ್ಣಿಸಿದ್ದಾನೆ. ಮೈಲಿಯ ಮೂರನೆಯ ಒಂದು ಭಾಗಕ್ಕೊಂದರಂತೆ ಚಾವಡಿಗಳು. ಅವುಗಳಲ್ಲಿ ಸೊಂಟ ಕಟ್ಟಿಕೊಂಡು ಸಿದ್ಧರಾಗಿ ಕುಳಿತ ಆಳುಗಳು. ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ತಾಮ್ರದ ಗೆಜ್ಜೆ ಕಟ್ಟಿದ ಕೋಲು ಹಿಡಿದು ಒಬ್ಬನು ಓಡಿ ಬರುವಾಗ, ಆ ಸಪ್ಪಳ ಕೇಳಿದೊಡನೆ ಮುಂದಿನವನು ಎದ್ದು ನಿಲ್ಲುತ್ತಿದ್ದನು. ಈ ಟಪಾಲು ಕುದುರೆಯ ಟಪಾಲಿಗಿಂತ ಬೇಗನೆ ಮುಟ್ಟುತ್ತಿತ್ತೆಂದೂ, ದೌಲತಾಬಾದಿನಲ್ಲಿದ್ದಾಗ ಸುಲ್ತಾನನಿಗೆ ಗಂಗೆಯ ನೀರು ಹೀಗೆಯೇ ಕೈಯಿಂದ ಕೈಗೆ ಬರುತ್ತಿತ್ತೆಂದೂ ಅವನು ಬರೆದಿದ್ದಾನೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ಅದರ ರಾಜಧಾನಿಯಾಗುವ ಮುನ್ನ ನಮ್ಮ ಈ ಸೀಮೆಯೂ ದಿಲ್ಲಿಯ ಆಳ್ವಿಕೆಗೆ ಸೇರಿದ್ದಿತು. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದ ಅಂಚೆಯೂ ಇದೇ ತತ್ತ್ವದ ಮೇಲೆ ನಡೆದದ್ದು. 1889ರಲ್ಲಿ ಅದು ಬ್ರಿಟಿಷರ ಟಪಾಲಿನಲ್ಲಿ ಲೀನವಾದರೂ ‘ಅಂಚೆ’ ಎಂಬ ಹೆಸರು ಕನ್ನಡದಲ್ಲಿ ಉಳಿದುಬಂದಿದೆ. ಇಲ್ಲೆಲ್ಲ ಗಮನಿಸಬೇಕಾದುದು ಒಂದೇ: ಆಳು ದಣಿದಲ್ಲಿ ಚಾವಡಿ ಕಟ್ಟಲಿಲ್ಲ, ಚಾವಡಿ ಇದ್ದಲ್ಲಿಗೆ ಆಳು ಓಡಿದನು.

ದೂರದ ಸರದಿ ಓಟವನ್ನು ಆಟವಾಗಿ ಬೆಳೆಸಿದವರು ಜಪಾನಿನವರು. ಅವರು ಅದನ್ನು ‘ಎಕಿದೆನ್’ ಎಂದು ಕರೆಯುತ್ತಾರೆ. ಈ ಹೆಸರಿನ ಮೊದಲ ಅರ್ಧಕ್ಕೆ ನಿಲ್ದಾಣವೆಂದೂ, ಎರಡನೆಯ ಅರ್ಧಕ್ಕೆ ದಾಟಿಸುವುದೆಂದೂ ಅರ್ಥ. ‘ಓಟ’ ಎಂಬ ಪದವೇ ಅದರಲ್ಲಿಲ್ಲ! 1917ರಲ್ಲಿ ಕ್ಯೋಟೋ ನಗರದಿಂದ ಟೋಕಿಯೋ ನಗರದವರೆಗೆ ಸುಮಾರು 500 ಕಿಲೋಮೀಟರುಗಳ ಹಾದಿಯನ್ನು 23 ಹಂತಗಳಲ್ಲಿ, ಮೂರು ದಿನ ಹಗಲಿರುಳು ಓಡಿದುದು ಅದರ ಆರಂಭ. ಆ ಎರಡು ನಗರಗಳ ನಡುವೆ 53 ನಿಲ್ದಾಣಗಳುಳ್ಳ ಹಳೆಯ ರಾಜಮಾರ್ಗವೊಂದು ಮೊದಲೇ ಇದ್ದಿತು. ಓಟ ಹುಟ್ಟುವ ಎಷ್ಟೋ ಕಾಲದ ಹಿಂದೆ ದೂತರೂ ಕುದುರೆಗಳೂ ಆ ನಿಲ್ದಾಣಗಳಲ್ಲಿ ಬದಲಾಗುತ್ತಿದ್ದರು.

ಮೂರು ವರ್ಷಗಳ ಅನಂತರ, ಎಂದರೆ 1920ರಲ್ಲಿ, ಹಕೋನೆ ಎಂಬ ಬೆಟ್ಟದ ಊರಿಗೆ ಹೋಗಿ ಬರುವ ಸರದಿ ಓಟ ಆರಂಭವಾಯಿತು. ಇದು ವಿದ್ಯಾರ್ಥಿಗಳ ಓಟವಾದುದರಿಂದ ನಮಗೆ ವಿಶೇಷವಾಗಿ ಸಂಬಂಧಿಸಿದೆ. ಮೊದಲ ವರ್ಷ ಬಂದವು ಕೇವಲ ನಾಲ್ಕು ವಿದ್ಯಾಸಂಸ್ಥೆಗಳು. ಇಂದು ಪ್ರತಿ ವರ್ಷ ಜನವರಿ 2 ಮತ್ತು 3ರಂದು ಟೋಕಿಯೋದಿಂದ ಹಕೋನೆಗೆ ಐವರು, ಮರುದಿನ ಹಕೋನೆಯಿಂದ ಟೋಕಿಯೋಗೆ ಐವರು, ಹೀಗೆ ಒಂದು ತಂಡದ ಹತ್ತು ಜನ ಒಟ್ಟು 217.1 ಕಿಲೋಮೀಟರು ಓಡುತ್ತಾರೆ. ಐದನೆಯ ಹಂತದಲ್ಲಿ 800 ಮೀಟರಿಗಿಂತ ಎತ್ತರಕ್ಕೆ ಬೆಟ್ಟ ಹತ್ತಬೇಕು. ಕೋಲಿನ ಬದಲು ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಹಾಕಿಕೊಳ್ಳುವ ಬಟ್ಟೆಯ ಪಟ್ಟಿಯೊಂದನ್ನು ಅವರು ದಾಟಿಸುತ್ತಾರೆ. ಇದು ಬಹಳ ಒಳ್ಳೆಯ ಉಪಾಯ. ಐದು-ಹತ್ತು ಕಿಲೋಮೀಟರು ಓಡುವವನಿಗೆ ನೀರು ಕುಡಿಯಲು, ಬೆವರು ಒರೆಸಲು ಎರಡೂ ಕೈ ಬೇಕು. ನಮ್ಮಲ್ಲಿ ಹೆಗಲ ಮೇಲೆ ವಲ್ಲಿ ಇಲ್ಲದ ರೈತನಿಲ್ಲ. ನಾಲ್ಕು ಬೆರಳು ಅಗಲಕ್ಕೆ ಮಡಿಚಿ ಹೊಲಿದರೆ ಅದೇ ವಲ್ಲಿ ನಮ್ಮ ಪಟ್ಟಿಯಾಗುತ್ತದೆ. ಅಂಗಡಿಯಿಂದ ಕೋಲು ಕೊಳ್ಳುವ ಖರ್ಚೂ ಉಳಿಯುತ್ತದೆ.

ಇನ್ನು ನಮ್ಮ ಹಾದಿ. ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 50. ದೂರ ನಲವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಅರ್ಧಕ್ಕಿಂತ ಹೆಚ್ಚು ದಾರಿ ಸಾಗಿದ ಮೇಲೆ ಮಹಾಗಾಂವ ಕ್ರಾಸ್ ಬರುತ್ತದೆ. ಮಹಾಗಾಂವ ಊರು ಇರುವುದು ಅಲ್ಲಿಂದ ಒಳಕ್ಕೆ. ಹೆದ್ದಾರಿಯ ಮೇಲೆ ಹೋಗುವ ಬಸ್ಸುಗಳಂತೆ ಹೆದ್ದಾರಿಯ ಮೇಲೆ ನಡೆಯುವ ಸಮಾರಂಭಗಳೂ ಕ್ರಾಸನ್ನು ಮುಟ್ಟಿ ಮುಂದೆ ಸಾಗುವುದೇ ವಾಡಿಕೆ.

ಯಾವ ದಿಕ್ಕಿಗೆ ಓಡಬೇಕೆಂಬುದು ಮೊದಲು ಬಗೆಹರಿಯಬೇಕು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರು, ಬೀದರ ಸುಮಾರು 700 ಮೀಟರು ಎತ್ತರದಲ್ಲಿವೆ. ಬೀದರದ ಕಡೆಗೆ ಹೋದಂತೆ ನೆಲ ಏರುತ್ತ ಹೋಗುತ್ತದೆ, ಕಪ್ಪು ಮಣ್ಣು ಹಿಂದೆ ಬಿದ್ದು ಕೆಂಪು ಮಣ್ಣು ಕಾಣಿಸಿಕೊಳ್ಳುತ್ತದೆ. ಆದುದರಿಂದ ಕಮಲಾಪುರದಲ್ಲಿ ಆರಂಭಿಸಿ ಕಲಬುರಗಿಯಲ್ಲಿ ಮುಗಿಸಿದರೆ ಇಳಿಜಾರಿನ ಅನುಕೂಲ ಸಿಗುತ್ತದೆಂದು ಕೆಲವರು ವಾದಿಸುತ್ತಾರೆ. ಓಡುವವನ ಕಾಲಿನಿಂದ ನೋಡಿದರೆ ಅದು ಸರಿಯಾದ ವಾದವೇ. ಆದರೆ ಕೊನೆಯ ಓಟಗಾರರು ನಗರವನ್ನು ಮುಟ್ಟುವುದು ಹತ್ತು-ಹನ್ನೊಂದು ಗಂಟೆಗೆ. ಆ ಹೊತ್ತಿನಲ್ಲಿ ರಿಂಗ್ ರಸ್ತೆಯ ಗದ್ದಲ ಹೇಗಿರುತ್ತದೆಂಬುದನ್ನು ಕಲಬುರಗಿಯವರಿಗೆ ಹೇಳಬೇಕಾಗಿಲ್ಲ. ಇನ್ನೊಂದು ಕಾರಣವೂ ಉಂಟು. 2022ರ ಜೂನ್ 3ರ ಬೆಳಗಿನ ಜಾವ ಕಮಲಾಪುರದ ಹತ್ತಿರ, ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸೊಂದು ಸರಕಿನ ವಾಹನಕ್ಕೆ ಡಿಕ್ಕಿ ಹೊಡೆದು, ಬೆಂಕಿ ಹತ್ತಿ ಏಳು ಜನ ಪ್ರಯಾಣಿಕರು ತೀರಿಕೊಂಡರು. ಮುಂಜಾವಿನಲ್ಲಿ ಸಡಕು ಬರಿದಾಗಿರುತ್ತದೆಂಬ ನಮ್ಮ ನಂಬಿಕೆ ಎಷ್ಟು ಪೊಳ್ಳೆಂಬುದು ಇದರಿಂದ ತಿಳಿಯುತ್ತದೆ. ಅದು ರಾತ್ರಿಯಿಡೀ ಓಡಿಬಂದ ಬಸ್ಸು-ಲಾರಿಗಳ ಹೊತ್ತು. ನಗರದ ಬೀದಿಗಳು ಖಾಲಿಯಿರುವ ಆ ಹೊತ್ತನ್ನು ನಗರದೊಳಗೆ ಕಳೆದು, ಬೆಳಕು ಚೆನ್ನಾಗಿ ಹರಿದ ಮೇಲೆ ಹೆದ್ದಾರಿಗೆ ಇಳಿಯುವುದೇ ಕ್ಷೇಮ. ಆದುದರಿಂದ ಏರು ಹತ್ತಿದರೂ ಚಿಂತೆಯಿಲ್ಲ, ಕಲಬುರಗಿಯಿಂದ ಕಮಲಾಪುರಕ್ಕೇ ಓಡಬೇಕೆಂಬುದು ನನ್ನ ಅಭಿಪ್ರಾಯ.

ಕೋಟೆಯ ಬಾಗಿಲಿನಿಂದ ಆರಂಭಿಸಿದರೆ ಚಿತ್ರ ಚೆನ್ನಾಗಿ ಬರುತ್ತದೆಂದು ಹೇಳುವವರಿದ್ದಾರೆ. ಚಿತ್ರಕ್ಕಾಗಿ ಓಡುವುದಾದರೆ ಹಾಗೆಯೇ ಮಾಡಬಹುದು. ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಸಾಲಾಗಿ ನಿಲ್ಲಲು ಜಾಗ ವಿಶಾಲವಾಗಿದೆ. ಆರಂಭಕ್ಕೆ ಅದೇ ತಕ್ಕದ್ದು.

ಹಂತಗಳನ್ನು ವಿಂಗಡಿಸುವುದರಲ್ಲಿಯೇ ಹಾದಿಯ ನಿಜವಾದ ಕೆಲಸವಿದೆ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಮ್ಯಾರಥಾನಿನ 42.195 ಕಿಲೋಮೀಟರನ್ನು ಆರು ಜನರಿಗೆ 5, 10, 5, 10, 5, 7.195 ಎಂದು ಹಂಚುತ್ತಾರೆ. 1992ರಿಂದ 1998ರವರೆಗೆ ನಡೆದ ವಿಶ್ವ ರಸ್ತೆ ಸರದಿ ಸ್ಪರ್ಧೆಗಳಲ್ಲಿಯೂ ಹೀಗೆಯೇ ಇದ್ದಿತು. ನಗರದ ಬೀದಿಗಳಲ್ಲಿ ಸುತ್ತು ಹಾಕುವ ಓಟಕ್ಕೆ ಈ ಹಂಚಿಕೆ ಒಪ್ಪುತ್ತದೆ. ನಮ್ಮ ಸಡಕಿನ ಮೇಲೆ ಇದನ್ನು ಹಾಗೆಯೇ ಇಟ್ಟರೆ ಹದಿನೈದನೆಯ ಕಿಲೋಮೀಟರು ಎಲ್ಲಿ ಬಿದ್ದೀತು? ಎಡಕ್ಕೆ ತೊಗರಿ ಹೊಲ, ಬಲಕ್ಕೆ ತೊಗರಿ ಹೊಲ, ನಡುವೆ ಲಾರಿಗಳು. ನೆರಳಿಲ್ಲ, ನೀರಿಲ್ಲ, ನಿಲ್ಲಲು ಜಾಗವಿಲ್ಲ. ಓಡುವವನು ಅಲ್ಲಿ ನಿಮಿಷದಲ್ಲಿ ದಾಟಿಹೋಗುತ್ತಾನೆ. ಅವನಿಗೆ ಅಪಾಯ ಅಷ್ಟಿಲ್ಲ. ಕಾಯುವವನಾದರೋ ಅರ್ಧ ಗಂಟೆ, ಮುಕ್ಕಾಲು ಗಂಟೆ ಹೆದ್ದಾರಿಯ ಅಂಚಿಗೆ ನಿಂತಿರುತ್ತಾನೆ. ಅವನೊಡನೆ ಅವನ ಗೆಳೆಯರು, ಅವರ ಮೋಟಾರ್ ಸೈಕಲ್ಲುಗಳು, ನೋಡಲು ನಿಂತ ಹುಡುಗರು. ದೂರದ ಸರದಿ ಓಟದಲ್ಲಿ ಅಪಾಯ ಗುಂಪುಗೂಡುವುದು ಓಡುವಲ್ಲಿ ಅಲ್ಲ, ಬದಲಾಗುವಲ್ಲಿ.

ಆದುದರಿಂದ ಮೊದಲು ತಾಣಗಳನ್ನು ಆರಿಸಬೇಕು. ತಾಣ ಹೆದ್ದಾರಿಯಿಂದ ಒಳಕ್ಕಿರಬೇಕು, ಗೋಡೆಯುಳ್ಳ ಅಂಗಳವಾಗಿರಬೇಕು, ನೀರು ಮತ್ತು ಶೌಚಾಲಯ ಇರಬೇಕು, ಒಂದು ಬೇವಿನ ಮರವಾದರೂ ಇರಬೇಕು. ನಮ್ಮ ಹಳ್ಳಿಗಳಲ್ಲಿ ಇವೆಲ್ಲ ಒಂದೆಡೆ ದೊರೆಯುವುದು ಸರಕಾರಿ ಶಾಲೆಯಲ್ಲಿ. ಅದು ತಪ್ಪಿದರೆ ಮಠದಲ್ಲಿ ಅಥವಾ ಗ್ರಾಮ ಪಂಚಾಯತಿಯ ಆವರಣದಲ್ಲಿ. ಸೀಗಿ ಹುಣ್ಣಿಮೆಗೆ ಕಲಬುರಗಿಯಿಂದ ಆಳಂದದ ಮೇಲೆ ತುಳಜಾಪುರಕ್ಕೆ ನಡೆದು ಹೋಗುವ ಭಕ್ತರನ್ನು ನೋಡಿದವರಿಗೆ ಇದು ಹೊಸ ವಿಷಯವಲ್ಲ. ಇಷ್ಟು ಕಿಲೋಮೀಟರು ನಡೆದ ಮೇಲೆ ಕೂಡುವೆವೆಂದು ಅವರಾರೂ ಲೆಕ್ಕ ಹಾಕುವುದಿಲ್ಲ. ನೀರು ಕೊಡುವ ಊರು ಬಂದಾಗ ಕೂಡುತ್ತಾರೆ. ಓಟವು ಭಾನುವಾರ ನಡೆಯುವುದಾದರೆ ಇನ್ನೊಂದು ಸಣ್ಣ ಸಂಗತಿ ದೊಡ್ಡದಾಗಿ ಕಾಡುತ್ತದೆ: ಶಾಲೆಯ ಕೀಲಿ ಯಾರ ಹತ್ತಿರ ಇರುತ್ತದೆ? ಪ್ರತಿಯೊಂದು ತಾಣದ ಕೀಲಿಯುಳ್ಳವರ ಮನೆಯನ್ನು ವಾರ ಮೊದಲೇ ಕೇಳಿ ಬರೆದುಕೊಂಡಿರಬೇಕು. ಶೌಚಾಲಯಕ್ಕೆ ಬೀಗ ಬಿದ್ದಿದ್ದರೆ ತಾಣವಿದ್ದೂ ಇಲ್ಲದಂತೆಯೇ.

ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ವರ್ಗದಲ್ಲಿ ಚೆನ್ನಾಗಿ ಓಡುವವರಲ್ಲಿ ಹುಡುಗಿಯರೇ ಹೆಚ್ಚು. ಅವರಲ್ಲಿ ಒಬ್ಬಳನ್ನು ತಂಡಕ್ಕೆ ಸೇರುವೆಯಾ ಎಂದು ಕೇಳಿದಾಗ, “ಓಡಾಕ ಅಪ್ಪ ಬ್ಯಾಡ ಅನ್ನಂಗಿಲ್ಲ. ಎಲ್ಲಿ ನಿಂದರಬೇಕಂತ ಕೇಳ್ತಾರ. ಅದಕ್ಕ ಏನ್ ಹೇಳಲಿ?” ಎಂದಳು. ಹೆದ್ದಾರಿಯ ಹದಿನೈದನೆಯ ಕಲ್ಲಿನ ಹತ್ತಿರ ನಿಲ್ಲುತ್ತಾಳೆಂದರೆ ಯಾವ ತಂದೆಯೂ ಕಳಿಸಲಾರನು, ಕಳಿಸಲೂಬಾರದು. ಇಂಥ ಊರಿನ ಶಾಲೆಯ ಅಂಗಳದಲ್ಲಿ, ಇಂಥ ಗುರುಮಾತೆಯ ಹತ್ತಿರ ನಿಲ್ಲುತ್ತಾಳೆಂದು ಹೇಳುವಂತಿದ್ದರೆ ಮಾತೇ ಬೇರೆ. ಹೀಗೆ ತಾಣವನ್ನು ಹೇಗೆ ಆರಿಸುತ್ತೇವೆಂಬುದರ ಮೇಲೆಯೇ ತಂಡದಲ್ಲಿ ಯಾರು ಓಡಬಲ್ಲರೆಂಬುದು ನಿಂತಿದೆ. ನಾಲ್ವರು ಹುಡುಗರು, ನಾಲ್ವರು ಹುಡುಗಿಯರು, ಒಟ್ಟು ಎಂಟು ಜನರ ತಂಡ ನನ್ನ ಮನಸ್ಸಿನಲ್ಲಿದೆ. ಆಗ ನಡುವೆ ಏಳು ತಾಣಗಳು ಬೇಕು. ಹಂತಗಳು ಸರಾಸರಿ ಐದು ಕಿಲೋಮೀಟರಿಗೆ ಮೇಲಿರುತ್ತವೆ. ಒಂದು ನಾಲ್ಕಾಗಲಿ, ಇನ್ನೊಂದು ಏಳಾಗಲಿ. ಎಲ್ಲ ಹಂತಗಳು ಸಮವಾಗಿರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಕಡಿಮೆ ಓಡುವವರಿಗೆ ಕಡಿಮೆಯ ಹಂತವಿರುವುದೇ ಮೇಲು.

ಕೆಲವು ಜಾಗಗಳನ್ನು ಹೊರಗಿಡಲೇಬೇಕು. ಹಾದಿಯಲ್ಲಿ ಬರುವ ಕುರಿಕೋಟಾ ಸೇತುವೆಯ ಮೇಲಾಗಲಿ, ಅದರ ಎರಡೂ ತುದಿಗಳಲ್ಲಾಗಲಿ ಬದಲಿ ನಡೆಯಕೂಡದು. ನೀರು ನೋಡಲು ನಿಲ್ಲುವವರು ಅಲ್ಲಿ ಯಾವಾಗಲೂ ಇರುತ್ತಾರೆ. ಅವರ ನಡುವೆ ನಾವೂ ಗುಂಪು ಕಟ್ಟಬಾರದು. ಸೇತುವೆಯ ಮೇಲೆ ಒಬ್ಬರ ಹಿಂದೆ ಒಬ್ಬರಂತೆ ಓಡಬೇಕು, ಮುಂದಿನವನನ್ನು ಹಿಂದೆ ಹಾಕಲು ಹೋಗಬಾರದೆಂಬ ಕಟ್ಟಳೆ ಇರಬೇಕು. ಉಳಿದ ಕಡೆ ಸಡಕಿನ ಬಲಬದಿಯಲ್ಲಿ, ಎದುರಿಗೆ ಬರುವ ವಾಹನ ಕಣ್ಣಿಗೆ ಕಾಣುವಂತೆ ಓಡಬೇಕು. ಜನವರಿಯೆಂದರೆ ತೊಗರಿ ರಾಶಿಯ ಕಾಲ. ಬದಿಗೆ ಚಾಚಿಕೊಂಡಂತೆ ಹೇರಿದ ಟ್ರ್ಯಾಕ್ಟರುಗಳು ಹಿಂದಿನಿಂದ ಬಂದರೆ ಓಡುವವನಿಗೆ ಗೊತ್ತೇ ಆಗುವುದಿಲ್ಲ. ಪೊಲೀಸರ ಅಪ್ಪಣೆಯನ್ನು ಬರಹದಲ್ಲಿ ಪಡೆಯಬೇಕೆಂಬುದನ್ನೂ, 108ರ ಗಾಡಿ ಹೇಳಿಟ್ಟಿರಬೇಕೆಂಬುದನ್ನೂ ಬೇರೆ ಹೇಳಬೇಕಾಗಿಲ್ಲ.

ಮಹಾಗಾಂವ ಕ್ರಾಸಿನಲ್ಲಿ ಏನು ಮಾಡಬೇಕು? ಕ್ರಾಸಿನಲ್ಲಿ ಹೋಟೆಲುಗಳಿವೆ, ಬಸ್ಸು ಕಾಯುವವರಿದ್ದಾರೆ, ಜನ ನೆರೆಯುತ್ತದೆ. ಆದುದರಿಂದ ಅಲ್ಲಿಯೇ ಬದಲಿ ಇಟ್ಟರೆ ಶೋಭೆಯೆಂದು ತೋರುತ್ತದೆ. ನನ್ನ ಮಟ್ಟಿಗೆ ಇದು ತಪ್ಪು ಲೆಕ್ಕ. ನಾಲ್ಕು ಕಡೆಯಿಂದ ವಾಹನ ತಿರುಗುವ ಜಾಗದಲ್ಲಿ ಓಟಗಾರರನ್ನು ನಿಲ್ಲಿಸುವುದಕ್ಕಿಂತ ಓಟವನ್ನೇ ಊರೊಳಕ್ಕೆ ಒಯ್ದು, ಅಲ್ಲಿ ಬದಲಾಯಿಸಿ, ಮತ್ತೆ ಕ್ರಾಸಿಗೆ ತಂದು ಮುಂದೆ ಸಾಗಿಸಬೇಕು. ಇದರಿಂದ ಮೂರು ಅನುಕೂಲಗಳು ಒಟ್ಟಿಗೆ ಒದಗುತ್ತವೆ. ಹೆದ್ದಾರಿಯಿಂದ ದೂರವಿರುವ ತಾಣ ಸಿಗುತ್ತದೆ. ನಲವತ್ತಕ್ಕೆ ಕಡಿಮೆಯಿದ್ದ ದೂರ ಹೋಗಿಬರುವ ದಾರಿಯಿಂದ ತುಂಬಿಕೊಳ್ಳುತ್ತದೆ. ಊರೊಳಗೆ ಎಲ್ಲಿ ತಿರುಗಬೇಕೆಂಬ ಗುರುತನ್ನು ತುಸು ಹಿಂದೆ ಮುಂದೆ ಸರಿಸಿ ಒಟ್ಟು ಹಾದಿಯನ್ನು ಸರಿಯಾಗಿ ಮ್ಯಾರಥಾನಿನ ಅಳತೆಗೆ ತರಬಹುದು. ಮೂರನೆಯದು, ಊರಿನವರು ಓಟವನ್ನು ನೋಡುತ್ತಾರೆ. ನಮ್ಮಲ್ಲಿ ಬಹುಮಂದಿ ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ನಮ್ಮ ತಾಯಿ-ತಂದೆಗಳು ಕಾಲೇಜನ್ನು ಹೊರಗಿನಿಂದ ಸಹ ಕಂಡಿಲ್ಲ. ಅವರಿದ್ದಲ್ಲಿಗೆ ಕಾಲೇಜು ಒಂದು ದಿನ ಓಡಿ ಹೋದರೆ ತಪ್ಪೇನು?

ಈ ಯೋಚನೆಯನ್ನು ಊರಿನ ಕಟ್ಟೆಯ ಮೇಲೆ ಹೇಳಿದಾಗ ಅಜ್ಜಿಯೊಬ್ಬರು ಬಹಳ ಹೊತ್ತು ಕೇಳಿ ಕೊನೆಗೆ, “ಯಾಕ್ ತಮ್ಮಾ, ಬಸ್ಸಿಗಿ ರೊಕ್ಕ ಇಲ್ಲೇನ್?” ಎಂದರು. ಆದರೆ ಓಡುವವರಿಗೆ ಅಂಬಲಿ ಮಾಡಿಕೊಡುವೆನೆಂದವರೂ ಅವರೇ.

ಹಾದಿಯನ್ನು ಅಳೆಯುವ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಇದು ಅಷ್ಟು ಪ್ರಚಾರದಲ್ಲಿಲ್ಲ. ಮೊಬೈಲಿನ ನಕಾಶೆ ಹಾದಿಯನ್ನು ಬರೆದುಕೊಳ್ಳಲು ಸಾಕು. ಮೀಟರಿನ ಲೆಕ್ಕಕ್ಕೆ ಸಾಲದು, ತಿರುವುಗಳಲ್ಲಿ ಅದು ತಪ್ಪುತ್ತದೆ. ಜಗತ್ತಿನ ದೊಡ್ಡ ದೊಡ್ಡ ಓಟಗಳನ್ನು ಇಂದಿಗೂ ಸೈಕಲ್ಲಿನಿಂದಲೇ ಅಳೆಯುತ್ತಾರೆಂದರೆ ಆಶ್ಚರ್ಯವಾದೀತು. ಅದಕ್ಕೆಂದೇ ಗಾಲಿಗೆ ಜೋಡಿಸುವ ಎಣಿಕೆಯ ಸಾಧನವೊಂದು 1971ರಿಂದ ಬಳಕೆಯಲ್ಲಿದೆ. ತತ್ತ್ವ ಬಹಳ ಸುಲಭ. ನೆಟ್ಟಗಿರುವ ಸಡಕಿನಲ್ಲಿ 300 ಮೀಟರನ್ನು ಉಕ್ಕಿನ ಟೇಪಿನಿಂದ ಅಳೆದು ಗುರುತು ಮಾಡಬೇಕು. ಅದರ ಮೇಲೆ ಸೈಕಲ್ಲನ್ನು ನಾಲ್ಕು ಸಲ ನಡೆಸಿ, ಮುಂದಿನ ಗಾಲಿ ಎಷ್ಟು ಸುತ್ತು ತಿರುಗಿತೆಂದು ಎಣಿಸಿ ಸರಾಸರಿ ತೆಗೆಯಬೇಕು. ಉದಾಹರಣೆಗೆ 135 ಸುತ್ತು ಬಂದವೆನ್ನೋಣ. ಆಗ ಒಂದು ಕಿಲೋಮೀಟರಿಗೆ 450 ಸುತ್ತು. ಇದಕ್ಕೆ ಸಾವಿರಕ್ಕೆ ಒಂದರಂತೆ ಹೆಚ್ಚು ಸೇರಿಸುವುದು ರೂಢಿ. ಹಾದಿ ಒಂದು ಕೂದಲೆಳೆ ಉದ್ದವಾದರೆ ಯಾರೂ ಕೇಳುವುದಿಲ್ಲ, ಕಡಿಮೆಯಾದರೆ ಓಡಿದವರ ಶ್ರಮವೇ ವ್ಯರ್ಥವೆಂದು ಈ ಎಚ್ಚರ. ಹೀಗೆ 42.195 ಕಿಲೋಮೀಟರಿಗೆ ಸುಮಾರು 19,007 ಸುತ್ತುಗಳಾಗುತ್ತವೆ. ಎಣಿಕೆಯ ಸಾಧನವಿಲ್ಲದಿದ್ದರೆ ಗಾಲಿಯ ಕಡ್ಡಿಗೆ ಬಣ್ಣದ ಚಿಂದಿ ಕಟ್ಟಿ, ಒಬ್ಬನು ಎಣಿಸುತ್ತ, ನೂರು ಸುತ್ತಿಗೊಂದು ಹುಣಸೆ ಬೀಜವನ್ನು ಈ ಜೇಬಿನಿಂದ ಆ ಜೇಬಿಗೆ ಹಾಕಿಕೊಳ್ಳಬಹುದು. 190 ಬೀಜಗಳು ಸಾಕು. ಇಬ್ಬರು ಎರಡು ಸೈಕಲ್ಲುಗಳಲ್ಲಿ ಬೇರೆ ಬೇರೆಯಾಗಿ ಅಳೆದು ತಾಳೆ ನೋಡಿದರೆ ಇನ್ನೂ ಒಳ್ಳೆಯದು. ಬಿಸಿಲು ಏರಿದಂತೆ ಟಯರಿನ ಗಾಳಿ ಹಿಗ್ಗಿ ಗಾಲಿಯ ಅಳತೆ ಬದಲಾಗುವುದರಿಂದ, ಕೆಲಸ ಮುಗಿದ ಮೇಲೆ ಮತ್ತೆ ಆ 300 ಮೀಟರಿನ ಮೇಲೆ ನಡೆಸಿ ನೋಡತಕ್ಕದ್ದು. ಓಟಗಾರನು ಹಿಡಿಯಬಹುದಾದ ಅತಿ ಕಡಿಮೆಯ ದಾರಿಯಲ್ಲಿಯೇ ಸೈಕಲ್ಲು ನಡೆಯಬೇಕು, ಸಡಕಿನ ನಟ್ಟನಡುವೆ ಅಲ್ಲ.

ಹೊತ್ತಿನ ಲೆಕ್ಕವೂ ಹಾದಿಯ ಲೆಕ್ಕವೇ. ಜನವರಿ ನಡುವಿನಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಏಳಕ್ಕೆ ಹತ್ತು ನಿಮಿಷ ಇರುವ ಸುಮಾರಿಗೆ. ಕಿಲೋಮೀಟರಿಗೆ 4 ನಿಮಿಷದಂತೆ ಓಡುವ ತಂಡ 42 ಕಿಲೋಮೀಟರನ್ನು 2 ಗಂಟೆ 48 ನಿಮಿಷಗಳಲ್ಲಿ ಮುಗಿಸುತ್ತದೆ. 7 ನಿಮಿಷದಂತೆ ಓಡುವ ತಂಡಕ್ಕೆ 4 ಗಂಟೆ 54 ನಿಮಿಷ ಬೇಕು. ಎಲ್ಲರನ್ನೂ ಏಳಕ್ಕೇ ಬಿಟ್ಟರೆ ಕೊನೆಯ ತಾಣದಲ್ಲಿ ಎರಡು ಗಂಟೆ ಅಂತರ ಬೀಳುತ್ತದೆ, ಕಾವಲುಗಾರರು ಬೇಸತ್ತು ಹೋಗುತ್ತಾರೆ, ನೋಡುವವರು ಮನೆಗೆ ನಡೆಯುತ್ತಾರೆ. ಅಮೆರಿಕದ ಆರೆಗನ್ ಪ್ರಾಂತದಲ್ಲಿ 1982ರಲ್ಲಿ ಆರಂಭವಾದ, ಬೆಟ್ಟದಿಂದ ಕಡಲಿನವರೆಗೆ ಸುಮಾರು 320 ಕಿಲೋಮೀಟರು ಓಡುವ ಸರದಿ ಓಟದಲ್ಲಿ ನಿಧಾನ ತಂಡಗಳನ್ನು ಮೊದಲು, ವೇಗದ ತಂಡಗಳನ್ನು ಆಮೇಲೆ ಬಿಡುತ್ತಾರೆ. ನಾವೂ ಹಾಗೆಯೇ ನಿಧಾನದವರನ್ನು 7 ಗಂಟೆಗೆ, ವೇಗದವರನ್ನು 8 ಗಂಟೆಗೆ ಬಿಟ್ಟರೆ, 24ನೆಯ ಕಿಲೋಮೀಟರಿನ ಹತ್ತಿರ ನಿಧಾನದವರು 9 ಗಂಟೆ 48ಕ್ಕೂ ವೇಗದವರು 9 ಗಂಟೆ 36ಕ್ಕೂ ಬರುತ್ತಾರೆ. ಅದು ಮಹಾಗಾಂವದ ಆಸುಪಾಸು. ಎಲ್ಲ ತಂಡಗಳೂ ಹನ್ನೆರಡು ನಿಮಿಷಗಳ ಒಳಗೆ ಊರನ್ನು ಹೊಗುತ್ತವೆ. ಯಾರು ಯಾರನ್ನು ದಾಟುವರೆಂಬುದು ಊರಿನವರ ಕಣ್ಣೆದುರಿಗೇ ನಡೆಯುತ್ತದೆ.

ನಿಧಾನ ತಂಡದ ಕೊನೆಯ ಓಟಗಾರನು ಕಮಲಾಪುರ ಮುಟ್ಟುವಾಗ ಹನ್ನೆರಡಕ್ಕೆ ಹತ್ತಿರವಾಗಿರುತ್ತದೆ. ಜನವರಿಯಾದರೂ ನಮ್ಮ ಬಿಸಿಲು ಬಿಸಿಲೇ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ ಮ್ಯಾರಥಾನಿನಲ್ಲಿ ಶಾಖ ತಾಳಲಾರದೆ ಹೊರಟವರಲ್ಲಿ ಸುಮಾರು ಅರ್ಧದಷ್ಟು ಜನ ನಡುವೆ ನಿಂತರು. ಪೋರ್ಚುಗಲ್ಲಿನ ಲಾಜಾರೋ ಎಂಬ ತರುಣ ತೀರಿಕೊಂಡನು. ಜಪಾನಿನ ಕಾನಾಕುರಿ ಎಂಬವನು ಬವಳಿ ಬಂದು ದಾರಿಯ ಮನೆಯೊಂದರಲ್ಲಿ ಆಸರೆ ಪಡೆದನು. ಮುಂದೆ ಹಕೋನೆಯ ಓಟವನ್ನು ಕಟ್ಟಿದವರಲ್ಲಿ ಮುಖ್ಯನಾದವನು ಇವನೇ. 1967ರಲ್ಲಿ ಸ್ವೀಡನ್ನಿನವರು ಅವನನ್ನು ಮತ್ತೆ ಕರೆಸಿ ಆ ಓಟವನ್ನು ಮುಗಿಸಗೊಟ್ಟರು. ಕಾಲ 54 ವರ್ಷ 8 ತಿಂಗಳು 6 ದಿನ ಎಂದು ಬರೆದರಂತೆ! ನಗುವ ಸಂಗತಿಯೇನೋ ನಿಜ. ಆದರೆ ಆ ದಿನ ಆ ಮನೆಯೊಂದು ಹಾದಿಯಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತೋ! ನಮ್ಮ ಹಾದಿಯಲ್ಲಿ ತಾಣಗಳಲ್ಲಲ್ಲದೆ ಪ್ರತಿ ಎರಡು ತಾಣಗಳ ನಡುವೆಯೂ ಒಂದು ಕಡೆ ನೀರು ಇರಬೇಕು. ಕೊನೆಯ ಎರಡು ಹಂತಗಳನ್ನು ಎಲ್ಲಕ್ಕಿಂತ ಚಿಕ್ಕವನ್ನಾಗಿ ಇಡಬೇಕು.

ಹಿಂದೆ ಬಿದ್ದ ತಂಡವನ್ನು ಏನು ಮಾಡಬೇಕೆಂಬುದು ಕಠಿನವಾದ ಪ್ರಶ್ನೆ. ಹಕೋನೆಯಲ್ಲಿ ಮೊದಲ ತಂಡಕ್ಕಿಂತ ತಾಣಕ್ಕೆ ತಕ್ಕಂತೆ 10ರಿಂದ 20 ನಿಮಿಷ ಹಿಂದೆ ಬಿದ್ದವರ ಮುಂದಿನ ಓಟಗಾರನನ್ನು ಕಾಯಿಸದೆ ಬೇರೊಂದು ಪಟ್ಟಿ ಹಾಕಿ ಓಡಿಸಿಬಿಡುತ್ತಾರೆ. ಹಿಂದಿನವನು ತನ್ನ ಪಟ್ಟಿಯನ್ನು ಹಿಡಿದು ಬರುವಷ್ಟರಲ್ಲಿ ತೆಗೆದುಕೊಳ್ಳುವವರೇ ಇರುವುದಿಲ್ಲ. ಓದಿದಾಗ ಇದು ಕ್ರೂರವೆನಿಸಿತು. ವಿಚಾರಮಾಡಿದರೆ, ಸಡಕನ್ನು ಗಂಟೆಗಟ್ಟಲೆ ಕಟ್ಟಿಹಾಕಲಾಗದೆಂಬುದೂ ಸರಿಯೇ. ನಮ್ಮಲ್ಲಿ ಮಹಾಗಾಂವದವರೆಗೆ ಯಾರನ್ನೂ ಹೀಗೆ ಓಡಿಸದೆ, ಆಮೇಲಿನ ತಾಣಗಳಲ್ಲಿ ಮಾತ್ರ ಗೊತ್ತಾದ ಗಡಿಯಾರದ ಹೊತ್ತಿಗೆ ಎರಡನೆಯ ವಲ್ಲಿಯೊಡನೆ ಹೊರಡಿಸುವುದು, ಪ್ರತಿಯೊಬ್ಬನು ತನ್ನ ಹಂತಕ್ಕೆ ತೆಗೆದುಕೊಂಡ ಕಾಲವನ್ನೇ ಕೂಡಿಸಿ ತಂಡದ ಲೆಕ್ಕ ಮಾಡುವುದು ನ್ಯಾಯವೆಂದು ತೋರುತ್ತದೆ. ತಡವಾಗಿ ಬಂದವನ ವಲ್ಲಿಯನ್ನು ತಾಣದಲ್ಲಿರುವ ಗುರುಗಳಾದರೂ ಕೈನೀಡಿ ಇಸಿದುಕೊಳ್ಳಬೇಕು.

ಉಳಿದದ್ದು ಓಡಿ ಮುಗಿಸಿದವರನ್ನು ಕೂಡಿಸುವ ಕೆಲಸ. ತನ್ನ ಹಂತ ಓಡಿದವನು ಯಾವುದೋ ಊರಿನ ಶಾಲೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಒಬ್ಬನೇ ಉಳಿಯುತ್ತಾನೆ. ಇದನ್ನು ಯೋಜನೆ ಹಾಕುವವರು ಸಾಮಾನ್ಯವಾಗಿ ಮರೆಯುತ್ತಾರೆ. ತಂಡಕ್ಕೊಂದು ಜೀಪು ಇಟ್ಟರೆ ಸಡಕಿನ ಮೇಲೆ ಓಟಗಾರರಿಗಿಂತ ಜೀಪುಗಳೇ ಹೆಚ್ಚಾಗುತ್ತವೆ, ಅಷ್ಟು ಹಣವೂ ಸರಕಾರಿ ಕಾಲೇಜಿನಲ್ಲಿಲ್ಲ. ಈ ಸಡಕಿನ ಮೇಲೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ಬೇಕಾದಷ್ಟಿವೆ. ತಾಣಗಳು ಬಸ್ಸು ನಿಲ್ಲುವ ಊರುಗಳಲ್ಲಿಯೇ ಇದ್ದರೆ ಓಡಿ ಮುಗಿಸಿದವರು ಮುಂದಿನ ಬಸ್ಸು ಹತ್ತಿ ಕಮಲಾಪುರಕ್ಕೆ ಬರಬಹುದು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಟಿಕೀಟಿನ ಖರ್ಚಿಲ್ಲ. ಹುಡುಗರ ಟಿಕೀಟಿನ ಹಣವನ್ನಷ್ಟೇ ಕ್ರೀಡಾ ಸಂಘ ತೆಗೆದಿಟ್ಟರೆ ಸಾಕು. ಕಮಲಾಪುರದಲ್ಲಿ ಇಳಿದವರಿಗೆ ಅಲ್ಲಿಯ ಕೆಂಪು ಬಾಳೆಹಣ್ಣನ್ನು ತಲೆಗೆ ಎರಡರಂತೆ ಕೊಡಬೇಕೆಂದು ಈಗಾಗಲೇ ಒಂದು ಸೂಚನೆ ಬಂದಿದೆ. ಅದನ್ನು ಯಾರೂ ವಿರೋಧಿಸಿಲ್ಲ.